ಅವನಿಗೆ ಮಾತು ಬರುವ ತನಕ

ನಮ್ಮ ಮನೆಯಲ್ಲಿ ಎಲ್ಲಕ್ಕಿಂತ ಒಳ್ಳೆಯ ಕೋಣೆ ಹುಳುಗಳದ್ದು. ಬೇರೆಯವರು ದೇವರ ಪಟ, ರಾಗಿ ಮೂಟೆ, ನೆಂಟರ ಚಾಪೆ ಇಟ್ಟುಕೊಳ್ಳುವ ನಡುಮನೆಯನ್ನು ನಮ್ಮಲ್ಲಿ ರೇಷ್ಮೆ ಹುಳುಗಳಿಗೆ ಬಿಟ್ಟುಕೊಟ್ಟಿದ್ದರು. ಗೋಡೆಯುದ್ದಕ್ಕೂ ಬಿದಿರಿನ ಅಟ್ಟಣೆ, ಅಟ್ಟಣೆಯಲ್ಲಿ ಒಂದರ ಮೇಲೊಂದು ತಟ್ಟೆ, ತಟ್ಟೆಯ ತುಂಬ ಹುಳು. ಬೇಸಿಗೆಯಲ್ಲಿ ಅವು ತಂಪಾಗಿರಲೆಂದು ಕಿಟಕಿಗೆ ಒದ್ದೆ ಗೋಣಿತಾಟು ಕಟ್ಟುತ್ತಿದ್ದರು, ಚಳಿಗಾಲದಲ್ಲಿ ಬೆಚ್ಚಗಿರಲೆಂದು ಮೂಲೆಯಲ್ಲಿ ಕೆಂಡದ ಕುಂಪಟಿ ಇಡುತ್ತಿದ್ದರು. ನಾವು ಐದು ಜನ, ಅಜ್ಜಿ, ಅಪ್ಪ, ಅಮ್ಮ, ನಾನು, ನನ್ನ ತಮ್ಮ ಚಲಪತಿ, ಪಡಸಾಲೆಯಲ್ಲಿ ಉಂಡು ಪಡಸಾಲೆಯಲ್ಲೇ ಮಲಗುತ್ತಿದ್ದೆವು. ನಮಗೆ ಚಳಿಯಾದರೆ ಕಂಬಳಿ ಇತ್ತು, ಸೆಕೆಯಾದರೆ ಜಗುಲಿ ಇತ್ತು, ಅದಕ್ಕಿಂತ ಹೆಚ್ಚು ಯಾರೂ ಯೋಚಿಸುತ್ತಿರಲಿಲ್ಲ. ಶಿಡ್ಲಘಟ್ಟದ ಸುತ್ತಲ ಹಳ್ಳಿಗಳಲ್ಲಿ ಆಗ ಹುಳು ಸಾಕುವ ಮನೆಗಳೆಲ್ಲ ಹೆಚ್ಚುಕಡಿಮೆ ಹೀಗೆಯೇ. ಹುಳುಗಳಿಗೆ ಬೇರೆ ಶೆಡ್ಡು ಕಟ್ಟುವುದು ಬಂದದ್ದು ಆಮೇಲೆ.

ಒಂದು ವಿಷಯದಲ್ಲಿ ಮಾತ್ರ ನಮ್ಮದು ಊರಿನ ಬೇರೆ ಯಾವ ಮನೆಯ ಹಾಗೂ ಇರಲಿಲ್ಲ. ಹುಳುಗಳಿಗೆ ಸದ್ದು ಆಗದು ಎಂದು ಅಜ್ಜಿ ನಂಬಿದ್ದಳು. ನಾನು ಹುಟ್ಟುವ ಮೊದಲು ಯಾವುದೋ ಬೆಳೆಯಲ್ಲಿ, ಹುಳುಗಳು ನಾಲ್ಕನೇ ಜ್ವರಕ್ಕೆ ಕೂತಿದ್ದಾಗ, ಪಕ್ಕದ ಮನೆಯಲ್ಲಿ ಮದುವೆಯ ಡೋಲು ಬಾರಿಸಿದರಂತೆ. ಹುಳು ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ, ಆಗ ಅದು ಹಿಪ್ಪುನೇರಳೆ ಸೊಪ್ಪು ಮುಟ್ಟದೆ ತಲೆಯೆತ್ತಿಕೊಂಡು ಅಲ್ಲಾಡದೆ ಕೂತಿರುತ್ತದೆ. ಡೋಲು ಬಾರಿಸಿದ ಮೂರೇ ದಿನಕ್ಕೆ ಅಷ್ಟೂ ತಟ್ಟೆ ಕೊಳೆತು ತಿಪ್ಪೆಗೆ ಹೋಯಿತಂತೆ. ಅದು ರೋಗದಿಂದ ಸತ್ತದ್ದು ಎಂದು ತಿಳಿದವರು ಹೇಳಿದರೂ ಅಜ್ಜಿ ಒಪ್ಪಲಿಲ್ಲ. ಡೋಲಿನವರ ಮನೆಯ ಜೊತೆ ಮಾತು ಬಿಟ್ಟಳು, ನಮ್ಮ ಮನೆಯಲ್ಲಿ ಮಾತನ್ನೇ ಬಿಡಿಸಿದಳು. ಮೊಟ್ಟೆ ತಂದ ದಿನದಿಂದ ಗೂಡು ಕಟ್ಟುವ ತನಕ, ಅಂದರೆ ಹತ್ತಿರ ಹತ್ತಿರ ಒಂದು ತಿಂಗಳು, ಎಲ್ಲರೂ ಪಿಸುಗುಡಬೇಕು. ಪಾತ್ರೆ ಸದ್ದಾಗಬಾರದು, ಒರಳು ಸದ್ದಾಗಬಾರದು, ಬಾಗಿಲು ಕಿರುಗುಟ್ಟಿದರೆ ಆ ಹೊತ್ತಿಗೇ ಎಣ್ಣೆ. ಹುಳು ಸೊಪ್ಪು ತಿನ್ನುವ ಸದ್ದೊಂದಕ್ಕೆ ನಮ್ಮ ಮನೆಯಲ್ಲಿ ಅನುಮತಿಯಿತ್ತು. ಗೂಡು ಮಾರ್ಕೆಟ್ಟಿಗೆ ಹೋದ ಮೇಲೆ ಹತ್ತು ದಿನ ಬಿಡುವು. ಮನೆ ತೊಳೆದು ಸುಣ್ಣ ಬಳಿದು ಮತ್ತೆ ಮೊಟ್ಟೆ. ಆ ಹತ್ತು ದಿನ ಗಟ್ಟಿಯಾಗಿ ಮಾತಾಡಬಹುದಿತ್ತು, ಆದರೆ ಅಭ್ಯಾಸ ತಪ್ಪಿದವರಿಗೆ ಗಟ್ಟಿಯಾಗಿ ಆಡಲು ಏನು ಮಾತಿರುತ್ತದೆ? ಅಮ್ಮ ಅಪ್ಪನನ್ನು ಊಟಕ್ಕೆ ಕರೆಯಲು ಲೋಟದ ಅಂಚನ್ನು ಉಗುರಿನಿಂದ ಎರಡು ಸಲ ಮೀಟುತ್ತಿದ್ದಳು. ಬಿಡುವಿನ ದಿನಗಳಲ್ಲೂ ಮೀಟಿಯೇ ಕರೆಯುತ್ತಿದ್ದಳು.

ಚಲ ಅಂಬೆಗಾಲಿಡಲು ಶುರು ಮಾಡಿದಾಗ ನಾನು ಮೂರನೇ ಕ್ಲಾಸು. ಒಂದು ಬೆಳಿಗ್ಗೆ ಅವನು ಎಲ್ಲರ ಕಣ್ಣು ತಪ್ಪಿಸಿ ನಡುಮನೆಗೆ ನುಗ್ಗಿ, ಕೆಳಗಿನ ತಟ್ಟೆಯನ್ನು ಎಳೆದು, ಒಂದು ಹಿಡಿ ಹುಳು ಬಾಯಿಗೆ ಹಾಕಿಕೊಂಡಿದ್ದ. ಅಜ್ಜಿ ಓಡಿ ಬಂದವಳು ಮೊದಲು ತಟ್ಟೆ ನೋಡಿದಳು, ಆಮೇಲೆ ಮಗುವಿನ ಬಾಯಿಗೆ ಬೆರಳು ಹಾಕಿದಳು. ಇದನ್ನು ನಾನು ಅವಳ ಮೇಲಿನ ಸಿಟ್ಟಿಗೆ ಹೇಳುತ್ತಿಲ್ಲ, ಕಣ್ಣಾರೆ ಕಂಡದ್ದನ್ನು ಹೇಳುತ್ತಿದ್ದೇನೆ. ಮಾರನೆಯ ದಿನ ಅಮ್ಮನ ಹಳೆಯ ಸೀರೆಯೊಂದನ್ನು ಉದ್ದಕ್ಕೆ ಹರಿದು, ಒಂದು ತುದಿಯನ್ನು ಪಡಸಾಲೆಯ ಕಂಬಕ್ಕೂ ಇನ್ನೊಂದು ತುದಿಯನ್ನು ಚಲನ ಸೊಂಟಕ್ಕೂ ಕಟ್ಟಿದರು. ಮಗುವನ್ನು ಕಟ್ಟಿಹಾಕುವುದೇ ಎಂದು ಈಗ ಓದುವವರು ಹುಬ್ಬೇರಿಸಬಹುದು. ನಮ್ಮ ಕಡೆ ಅದಕ್ಕೆ ಜೋಪಾನ ಎನ್ನುತ್ತಿದ್ದರು. ಹಿತ್ತಿಲಲ್ಲಿ ಬಾವಿ, ಮೂಲೆಯಲ್ಲಿ ಕೆಂಡ, ಹೊರಗೆ ಸುಣ್ಣದ ಗುಂಡಿ, ದೊಡ್ಡವರೆಲ್ಲ ಸೊಪ್ಪು ಕುಯ್ಯಲು ಹೋದರೆ ಮಗುವನ್ನು ಇನ್ನೇನು ಮಾಡುವುದು? ಎಷ್ಟೋ ಮನೆಗಳಲ್ಲಿ ಹಾಗೆ ಕಟ್ಟಿದ ಮಕ್ಕಳು ಅಳುತ್ತಾ, ಕಿರುಚುತ್ತಾ, ಮಣ್ಣು ತಿನ್ನುತ್ತಾ ಚೆನ್ನಾಗಿಯೇ ಬೆಳೆದವು. ನಮ್ಮ ಮನೆಯಲ್ಲಿ ಅಳುವಂತಿಲ್ಲವಲ್ಲ! ಕಟ್ಟಿದ ಮಗು ಅಳದ ಹಾಗೆ ನೋಡಿಕೊಳ್ಳಲು ಒಬ್ಬರು ಬೇಕಾಯಿತು.

"ರತ್ನಾ, ನಾಳೆಯಿಂದ ಸ್ಕೂಲು ಬೇಡ ಕಣೇ. ತಮ್ಮ ನಡಿಯೋ ತನ್ಕ ನೋಡ್ಕೋ, ಆಮೇಲೆ ಹೋಗುವಂತೆ," ಎಂದಳು ಅಜ್ಜಿ.

ನಾನು ಅಮ್ಮನ ಕಡೆ ನೋಡಿದೆ. ಅಮ್ಮ ಸೊಪ್ಪಿನ ಕುಕ್ಕೆಯ ಕಡೆ ನೋಡಿದಳು. ಅಪ್ಪ ಟವಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು, "ಒಂದೆರಡು ಬೆಳೆ ತಾನೆ," ಎಂದು ತೋಟಕ್ಕೆ ಹೋದ. ಒಂದೆರಡು ಬೆಳೆ ಹೋಗಿ ಐದಾರಾದವು. ಚಲ ನಡೆದ. ನಡೆಯುವ ಮಗು ತೆವಳುವ ಮಗುವಿಗಿಂತ ಅಪಾಯ ಎಂದು ಗಂಟು ಇನ್ನಷ್ಟು ಬಿಗಿಯಾಯಿತು. ಆಗ ಅಜ್ಜಿ ವಾಯಿದೆ ಬದಲಾಯಿಸಿದಳು. ಊರಿನ ಅಂಗನವಾಡಿಗೆ ಸೇರಿಸಬಹುದು, ಆದರೆ ಮಾತು ಬಾರದ ಮಗುವನ್ನು ಹೇಗೆ ಕಳಿಸುವುದು? ಒಂದಕ್ಕೆ ಬಂದರೆ ಹೇಳಬೇಕು, ಯಾರಾದರೂ ಹೊಡೆದರೆ ಹೇಳಬೇಕು. ಅವನಿಗೆ ಮಾತು ಬರುವ ತನಕ ರತ್ನ ಇರಲಿ. ಹೀಗೆ ನನ್ನ ಶಾಲೆ ಅವನ ನಾಲಿಗೆಯ ಮೇಲೆ ಬಂದು ಕೂತಿತು.

ಆ ಪಡಸಾಲೆಯ ಒಂದೊಂದು ಅಂಗುಲವೂ ನನಗೆ ಈಗಲೂ ಗೊತ್ತು. ಸೀರೆಯ ತುಂಡು ಒಂದು ಕಡೆ ಹೊಸ್ತಿಲಿಗೆ ಒಂದು ಗೇಣು ಉಳಿಯುವಷ್ಟು, ಇನ್ನೊಂದು ಕಡೆ ಅಡುಗೆ ಒಲೆಗೆ ನಾಲ್ಕು ಹೆಜ್ಜೆ ಉಳಿಯುವಷ್ಟು ಬರುತ್ತಿತ್ತು. ಚಲನಿಗೆ ಇದ್ದದ್ದು ಅಷ್ಟೇ ಲೋಕ, ನನಗೂ ಅಷ್ಟೇ. ನನ್ನ ಸೊಂಟಕ್ಕೆ ಬಟ್ಟೆ ಕಟ್ಟಿರಲಿಲ್ಲ ಎಂಬುದು ನಿಜ. ಆದರೆ ನಾನು ಎದ್ದರೆ ಅವನು ಅಳುತ್ತಿದ್ದ, ಅವನು ಅತ್ತರೆ ಅಜ್ಜಿ ಬರುತ್ತಿದ್ದಳು. ಶಾಲೆ ಎರಡು ಬೀದಿ ಆಚೆ. ಹತ್ತು ಗಂಟೆಗೆ ಬೆಲ್ಲು, ಆಮೇಲೆ ಮಕ್ಕಳು ಮಗ್ಗಿ ಕೂಗುವುದು ನಮ್ಮ ಮನೆಗೆ ಚೆನ್ನಾಗಿ ಕೇಳಿಸುತ್ತಿತ್ತು. ನಾನು ಕಂಬಕ್ಕೆ ಒರಗಿ ತುಟಿ ಮಾತ್ರ ಆಡಿಸಿ ಅವರ ಜೊತೆ ಹೇಳುತ್ತಿದ್ದೆ. ಹದಿಮೂರರ ಮಗ್ಗಿಯ ತನಕ ಹಾಗೆಯೇ ಕಲಿತೆ. ಹದಿಮೂರರಲ್ಲಿ ಎಲ್ಲೋ ತಪ್ಪು ಕೇಳಿಸಿಕೊಂಡೆನೋ ಏನೋ, ಈಗಲೂ ಹದಿಮೂರೇಳಲಿ ಅಂದರೆ ನಿಂತು ಯೋಚಿಸುತ್ತೇನೆ.

ಚಲನನ್ನು ಸುಮ್ಮನಿರಿಸಲು ಮೊದಮೊದಲು ಬಟ್ಟೆಯಲ್ಲಿ ಬೆಲ್ಲ ಕಟ್ಟಿ ಚೀಪಲು ಕೊಡುತ್ತಿದ್ದೆ. ಬೆಲ್ಲಕ್ಕೆ ಇರುವೆ ಬಂದು, ಇರುವೆ ಹುಳುವಿನ ಕೋಣೆಗೆ ಹೋದೀತೆಂದು ಅಜ್ಜಿ ಅದನ್ನು ನಿಲ್ಲಿಸಿದಳು. ಆಮೇಲೆ ಕೈಯೇ ಗತಿ. ಅವನ ಗಂಟಲಲ್ಲಿ ಸದ್ದು ಏಳುವ ಮೊದಲೇ ಅವನ ಗಲ್ಲ ಕಂಪಿಸುತ್ತಿತ್ತು. ಅದನ್ನು ಕಂಡ ಕೂಡಲೇ ನನ್ನ ಅಂಗೈ ಅವನ ಬಾಯಿಯ ಮೇಲೆ. ಒತ್ತುತ್ತಿರಲಿಲ್ಲ, ಸುಮ್ಮನೆ ಇಡುತ್ತಿದ್ದೆ. ಕೆಲವು ದಿನಕ್ಕೆ ಕೈ ಎತ್ತಿದರೆ ಸಾಕು, ಅವನೇ ಬಾಯಿ ಮುಚ್ಚಿಕೊಳ್ಳುತ್ತಿದ್ದ. ನನಗೆ ಇದರ ಬಗ್ಗೆ ಹೆಮ್ಮೆಯಿತ್ತು, ಅದನ್ನೂ ಇಲ್ಲಿ ಬರೆಯಬೇಕು. ಸೊಪ್ಪು ಕುಯ್ಯಲು ಬರುವ ಹೆಂಗಸರು, "ಅಬ್ಬಾ, ತಾಯಿಗಿಂತ ಚೆನ್ನಾಗಿ ನೋಡ್ಕೊತಾಳೆ ಕಣ್ರೀ, ಮಗು ಇರೋದೇ ಗೊತ್ತಾಗಲ್ಲ," ಎನ್ನುತ್ತಿದ್ದರು. ಮಗು ಇರುವುದೇ ಗೊತ್ತಾಗಬಾರದು, ಅದು ಒಳ್ಳೆಯ ಮಗು. ಆಗ ನಮಗೆಲ್ಲ ಗೊತ್ತಿದ್ದದ್ದು ಅಷ್ಟೇ.

ಅವನಿಗೆ ಬೇಕಾದ್ದೆಲ್ಲ ನನಗೆ ತಿಳಿಯುತ್ತಿತ್ತು. ಎಡಗಾಲನ್ನು ನೆಲಕ್ಕೆ ಉಜ್ಜಿದರೆ ನೀರು. ಕಿವಿ ಹಿಡಿದುಕೊಂಡರೆ ನಿದ್ದೆ. ನನ್ನ ಲಂಗದ ಅಂಚನ್ನು ಎರಡು ಬೆರಳಲ್ಲಿ ಹಿಡಿದರೆ ಒಂದಕ್ಕೆ. ಮುದ್ದೆ ಬಿಸಿಯಾಗಿದ್ದರೆ ಹುಬ್ಬು ಮೇಲೆ ಹೋಗುತ್ತಿತ್ತು, ಸಾರು ಖಾರವಾದರೆ ಮೂಗು. ಕೆಲವೊಮ್ಮೆ ಅವನು ಕಾಲು ಉಜ್ಜುವ ಮೊದಲೇ ನಾನು ಚೊಂಬು ಹಿಡಿದು ಕೂತಿರುತ್ತಿದ್ದೆ. ಇದೇ ಚಲಪತಿ ಈಗ ಮಾತು ನಿಲ್ಲಿಸುವುದಿಲ್ಲ. ಅವನ ಹೆಂಡತಿ ತಮ್ಮ ಒಂದೂವರೆ ವರ್ಷದ ಮಗಳು ಯಾವ ತಿಂಗಳಲ್ಲಿ ಎಷ್ಟು ಮಾತಾಡಬೇಕು ಎಂದು ಫೋನಿನಲ್ಲಿ ನೋಡಿ ಗಾಬರಿಯಾಗಿ ಗೌರಿಬಿದನೂರಿನಲ್ಲಿರುವ ನನಗೆ ಫೋನು ಮಾಡುತ್ತಾಳೆ. ಹಿಂದಿನಿಂದ ಇವನು, "ಅಕ್ಕ, ನಾನು ಮೂರು ವರ್ಷಕ್ಕೆ ಮಾತಾಡಿದ್ದು ಅಂತ ಹೇಳು ಇವಳಿಗೆ," ಎಂದು ದೊಡ್ಡ ಸಾಧನೆ ಮಾಡಿದವನ ಹಾಗೆ ಕೂಗುತ್ತಾನೆ. ನಾನು ಹೇಳುತ್ತೇನೆ. ಯಾಕೆ ಮೂರು ವರ್ಷವಾಯಿತು ಎಂದು ಮಾತ್ರ ಈ ತನಕ ಹೇಳಿಲ್ಲ.

ಎರಡೂವರೆ ದಾಟಿದ ಮೇಲೆ ಮನೆಯಲ್ಲಿ ಭಯ ಶುರುವಾಯಿತು. ಅಜ್ಜಿ ಮಂಗಳವಾರ, ಶುಕ್ರವಾರ ಬಜೆಯ ಬೇರು ತೇಯ್ದು ಜೇನುತುಪ್ಪದಲ್ಲಿ ಕಲಸಿ ಅವನ ನಾಲಿಗೆಗೆ ಸವರಿದಳು. ಚಿನ್ನದ ಉಂಗುರದಿಂದ ನಾಲಿಗೆಯ ಮೇಲೆ ಬರೆಸಿದಳು. ಮನೆದೇವರಿಗೆ ಗಂಟೆ ಕಟ್ಟಿಸುತ್ತೇನೆ ಎಂದು ಹರಕೆ ಹೊತ್ತಳು. ಚಲ ಬಜೆಯ ಕಹಿಗೆ ಮುಖ ಕಿವುಚಿ, ಅಳಲು ಬಾಯಿ ತೆರೆದು, ನನ್ನ ಕೈ ನೋಡಿ ಮುಚ್ಚಿಕೊಳ್ಳುತ್ತಿದ್ದ. ಇಷ್ಟೆಲ್ಲ ಮಾಡಿದ ಅಜ್ಜಿಯನ್ನು ಕೆಟ್ಟವಳೆನ್ನಲು ನನಗೆ ಬಾಯಿ ಬರುವುದಿಲ್ಲ. ಯಾವ ಜ್ವರ ಎದ್ದ ಹುಳುವಿಗೆ ಯಾವ ಎಲೆ, ಎಷ್ಟು ಸಣ್ಣಗೆ ಹೆಚ್ಚಿದ್ದು, ಯಾವ ಹೊತ್ತಿಗೆ, ಎಲ್ಲವನ್ನೂ ಅವಳು ತಟ್ಟೆಯ ಮೇಲೆ ಅಂಗೈ ಹಿಡಿದೇ ಹೇಳುತ್ತಿದ್ದಳು. ಮಗು ಮಾತ್ರ ಹೊಟ್ಟೆ ತುಂಬಿದ್ದರೆ ತಾನಾಗಿ ಬೆಳೆಯುತ್ತದೆ ಎಂದುಕೊಂಡಿದ್ದಳು. ಅವಳಿಗೂ ಯಾರು ಹೇಳಿಕೊಟ್ಟಿದ್ದರು?

ಜಗಳ ಅಮ್ಮನ ಮೇಲೆ ಬಂತು. ನಮ್ಮ ಮನೆಯ ಜಗಳಗಳೂ ಪಿಸುಮಾತಿನಲ್ಲೇ ನಡೆಯಬೇಕಾದ್ದರಿಂದ ಇಬ್ಬರೂ ಒಲೆಯ ಮುಂದೆ ಮುಖಕ್ಕೆ ಮುಖ ತಂದುಕೊಂಡು ಕೂತಿದ್ದರು. ಹೊರಗಿನಿಂದ ನೋಡಿದವರಿಗೆ ಗುಟ್ಟು ಹೇಳಿಕೊಳ್ಳುತ್ತಿದ್ದಾರೆ ಅನ್ನಿಸಬೇಕು.

"ನಿಮ್ ಕಡೇದೇ ಇದು ಸರೋಜಾ. ನಿಮ್ಮಣ್ಣನ ಮಗ ಐದು ವರ್ಷ ಆದ್ರೂ ತೊದ್ಲುತಿದ್ದ."

"ಮಗು ಹತ್ರ ಒಂದ್ ಗಳಿಗೆ ಕೂರಕ್ಕೆ ಬಿಟ್ಟಿದೀರಾ ಅತ್ತೆ ನನ್ನ? ಹಾಲು ಬಿಡಿಸಿದ ಮೇಲೆ ನಾನು ಅವನ್ನ ಎತ್ಕೊಂಡಿದ್ದೇ ಲೆಕ್ಕ."

"ನೀನ್ ಕೂತ್ರೆ ಸೊಪ್ಪು ಯಾರು ಕುಯ್ತಾರೆ? ನಿಮ್ಮಪ್ಪ ಬರ್ತಾನಾ?"

ಅಮ್ಮ ಒಲೆಯ ಬೂದಿಯನ್ನು ಕಡ್ಡಿಯಿಂದ ಕೆದಕುತ್ತಾ ಕೂತಳು. ನಾನು ಚಲನ ಕಿವಿ ಮುಚ್ಚಿದ್ದೆ. ಯಾಕೆ ಮುಚ್ಚಿದೆನೋ ಗೊತ್ತಿಲ್ಲ, ಆ ಪಿಸುಮಾತು ನನಗೇ ಅರ್ಧ ಕೇಳಿಸುತ್ತಿತ್ತು.

ಆ ಬೇಸಿಗೆಯಲ್ಲಿ ಶಾಲೆಯ ಮೇಷ್ಟ್ರು ಹಾಲಿನ ಡೈರಿಯ ಹತ್ತಿರ ಅಪ್ಪನನ್ನು ನಿಲ್ಲಿಸಿದರು. ನಾನು ಚಲನನ್ನು ಕಂಕುಳಲ್ಲಿ ಎತ್ತಿಕೊಂಡು, ಹಾಲಿನ ಕ್ಯಾನು ಹಿಡಿದು ಪಕ್ಕದಲ್ಲೇ ಇದ್ದೆ. "ಎರಡು ವರ್ಷದಿಂದ ನಿನ್ನ ಮಗಳ ಹೆಸರು ಉಳಿಸ್ಕೊಂಡ್ ಬಂದಿದೀನಪ್ಪ. ಸ್ಕೂಲ್ ತೆಗೆಯೋ ದಿನ ಕಳ್ಸು, ನಾಲ್ಕನೇ ಕ್ಲಾಸಲ್ಲಿ ಕೂರಿಸ್ತೀನಿ. ಆ ವಾರ ಬರ್ಲಿಲ್ಲ ಅಂದ್ರೆ ಹೆಸರು ಹೊಡೆದುಹಾಕ್ಬೇಕಾಗುತ್ತೆ," ಎಂದರು. ಅಪ್ಪ ತಲೆಯಾಡಿಸಿದ. ದಾರಿಯಲ್ಲಿ ನಾನು, "ಹೋಗ್ಲಾ ಅಪ್ಪ?" ಎಂದೆ. "ಅಜ್ಜೀನ ಕೇಳಣ," ಎಂದ. ಅಜ್ಜಿಯ ಉತ್ತರ ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಶಾಲೆ ತೆರೆಯಲು ಮೂರು ವಾರ ಉಳಿದಿತ್ತು.

ಅಂಗನವಾಡಿ ಟೀಚರ್ ಸುಶೀಲಮ್ಮ ಮಕ್ಕಳ ತೂಕ ನೋಡಲು ಮನೆಮನೆಗೆ ಬರುತ್ತಿದ್ದರು. ನಮ್ಮ ಮನೆಯ ಹೊಸ್ತಿಲಲ್ಲೇ ಚಪ್ಪಲಿ ಬಿಟ್ಟು, ಕಾಲು ತೊಳೆದು, ಅಜ್ಜಿಯ ಭಯಕ್ಕೆ ತಾವೂ ಪಿಸುಗುಡುತ್ತಾ ಒಳಗೆ ಬಂದರು. ತೊಲೆಗೆ ತಕ್ಕಡಿ ತೂಗುಹಾಕಿ ಚಲನನ್ನು ಚೀಲದಲ್ಲಿ ಕೂರಿಸಿದರು. ತೂಕ ಚೆನ್ನಾಗಿಯೇ ಇತ್ತು. ಆಮೇಲೆ ಅವನ ಬೆನ್ನ ಹಿಂದೆ ಹೋಗಿ, ಹುಣಸೆ ಬೀಜ ತುಂಬಿದ ಒಂದು ಡಬ್ಬಿಯನ್ನು ಮೆಲ್ಲಗೆ ಅಲ್ಲಾಡಿಸಿದರು. ಚಲ ಥಟ್ಟನೆ ತಿರುಗಿ ನೋಡಿದ.

"ಕಿವಿ ಚೆನ್ನಾಗಿದೆ. ಇವ್ನಿಗೆ ನೀರು ಬೇಕು ಅಂದ್ರೆ ಏನಂತಾನಮ್ಮ ರತ್ನಮ್ಮ?"

ನನಗೆ ಹೇಳಲು ಪುರುಸೊತ್ತಿರಲಿಲ್ಲ. ಚಲ ಎಡಗಾಲು ಉಜ್ಜಿದ್ದ, ನಾನು ಆಗಲೇ ಎದ್ದು ಚೊಂಬು ತಂದು ಅವನ ಬಾಯಿಗೆ ಹಿಡಿದಿದ್ದೆ. ಸುಶೀಲಮ್ಮ ನನ್ನನ್ನೂ ಚೊಂಬನ್ನೂ ನೋಡುತ್ತಾ ನಿಂತರು. ಆಮೇಲೆ ನನ್ನ ಪಕ್ಕದಲ್ಲಿ ನೆಲದ ಮೇಲೆ ಕೂತುಕೊಂಡರು.

"ಇವನ ಹತ್ರ ದಿನಾ ಯಾರು ಮಾತಾಡ್ತಾರೆ?"

"ಯಾರೂ ಮಾತಾಡಲ್ಲ ಮಿಸ್. ಹುಳ ಇದಾವಲ್ಲ."

"ನೋಡು ತಾಯಿ, ಮಾತು ಕೇಳಿದ್ರೆ ತಾನೆ ಮಗು ಮಾತಾಡೋದು. ಸೊಪ್ಪು ಅನ್ನು, ಚೊಂಬು ಅನ್ನು, ಕಾಗೆ ಬಂತು ಅನ್ನು, ಏನಾದ್ರೂ ಹೇಳ್ತಾನೇ ಇರು. ಇನ್ನೊಂದು, ಕೇಳೋಕ್ ಮುಂಚೇನೇ ಕೊಡ್ಬೇಡ. ಒಂಚೂರು ಕಾಯಿ. ಅವನು ಬಾಯ್ಬಿಟ್ಟು ಏನಾದ್ರೂ ಸದ್ದು ಮಾಡ್ಲಿ, ಆಮೇಲೆ ಕೊಡು."

ಅಷ್ಟರಲ್ಲಿ ನಡುಮನೆಯಿಂದ ಅಜ್ಜಿ ಬಂದಳು. ಅಜ್ಜಿಯ ತವರು ಚಿಂತಾಮಣಿಯಿಂದ ಆಚೆ, ಆಂಧ್ರದ ಗಡಿಗೆ ಅಂಟಿದ ಊರು, ಸಿಟ್ಟು ಬಂದರೆ ಬಾಯಿಗೆ ಮೊದಲು ತೆಲುಗು ಬರುತ್ತಿತ್ತು. ಟೀಚರ್ ಎಂದು ತಡೆದುಕೊಂಡು, "ಹುಳ ಇರೋ ಮನೇಲಿ ಹರಟೆ ಬೇಡಮ್ಮ. ತೂಕ ಆಯ್ತಲ್ಲ," ಎಂದಳು. ಸುಶೀಲಮ್ಮ ತಕ್ಕಡಿ ಬಿಚ್ಚಿಕೊಂಡು ಹೊರಟರು. ಹೊಸ್ತಿಲಲ್ಲಿ ನಿಂತು ನನಗೆ ಮಾತ್ರ ಕಾಣುವ ಹಾಗೆ ಬಾಯಿಯ ಮುಂದೆ ಬೆರಳಾಡಿಸಿ, ಮಾತಾಡು ಎಂದು ಸನ್ನೆ ಮಾಡಿದರು. ನಮ್ಮ ಮನೆಯಲ್ಲಿ ಅವರೂ ಅದನ್ನು ಸನ್ನೆಯಲ್ಲೇ ಹೇಳಬೇಕಾಯಿತು.

ಆವತ್ತಿಂದ ನಾನು ಚಲನ ಕಿವಿಗೆ ಬಾಯಿಟ್ಟು ದಿನವಿಡೀ ಪಿಸುಗುಟ್ಟಿದೆ. ಕಂಬ, ಚೊಂಬು, ಸೊಪ್ಪು, ಅಕ್ಕ. ಮಗ್ಗಿಯನ್ನೂ ಹೇಳಿದೆ. ಅವನಿಗೆ ಕಚಗುಳಿಯಾಗಿ ಕತ್ತು ಕುಗ್ಗಿಸುತ್ತಿದ್ದ, ಅಷ್ಟೇ. ಒಂದು ವಾರ ಹೋಯಿತು. ಶಾಲೆಯ ಗೋಡೆಗೆ ಸುಣ್ಣ ಬಳಿಯುತ್ತಿದ್ದಾರೆ ಎಂದು ಅಪ್ಪ ಊಟದ ಹೊತ್ತಿನಲ್ಲಿ ಯಾರಿಗೋ ಹೇಳುವ ಹಾಗೆ ಹೇಳಿದ. ಟೀಚರ್ ಹೇಳಿದ ಎರಡನೆಯದನ್ನು ಮಾಡಿಯೇ ತೀರುತ್ತೇನೆ ಎಂದುಕೊಂಡೆ. ಒಂಚೂರು ಕಾಯಿ ಎಂದು ಅವರು ಹೇಳಿದ್ದರು. ಎಷ್ಟು ಹೊತ್ತು ಎಂದರೆ ಒಂಚೂರು, ಅದನ್ನು ನಾನು ಕೇಳಿರಲಿಲ್ಲ.

ಅದು ಸುಡುಬಿಸಿಲಿನ ಮಧ್ಯಾಹ್ನ. ಹುಳುಗಳು ನಾಲ್ಕನೇ ಜ್ವರಕ್ಕೆ ಕೂತಿದ್ದವು, ಅವು ತಿನ್ನುವ ಸದ್ದೂ ಇರಲಿಲ್ಲ. ಅಜ್ಜಿ ನಡುಮನೆಯಲ್ಲಿ ಗೋಣಿತಾಟಿಗೆ ನೀರು ಚಿಮುಕಿಸುತ್ತಿದ್ದಳು. ಚಲ ಮುದ್ದೆ ಉಂಡಿದ್ದ. ಎಡಗಾಲು ಉಜ್ಜಿದ. ನಾನು ಚೊಂಬನ್ನು ನನ್ನ ಮಡಿಲಲ್ಲಿ ಇಟ್ಟುಕೊಂಡು ಸುಮ್ಮನೆ ಕೂತೆ. ಮತ್ತೆ ಉಜ್ಜಿದ. "ನೀರು ಅನ್ನು," ಎಂದೆ. ಅವನು ನಕ್ಕ, ಆಟ ಎಂದುಕೊಂಡ. ಚೊಂಬಿಗೆ ಕೈಚಾಚಿದ. ನಾನು ಹಿಂದೆ ಸರಿದೆ, ಸೀರೆಯ ತುಂಡು ಮುಗಿಯುವ ಜಾಗದಿಂದ ಒಂದು ಗೇಣು ಆಚೆ. ಅವನು ಬಂದ, ಸೊಂಟ ಎಳೆಯಿತು, ನಿಂತ. ಕಾಲನ್ನು ನೆಲಕ್ಕೆ ಉಜ್ಜಿ ಉಜ್ಜಿ ಹಿಮ್ಮಡಿ ಕೆಂಪಾಯಿತು. ನಾನು ಅವನ ಎದುರಿಗೇ ಒಂದು ಗುಟುಕು ಕುಡಿದೆ. ಯಾಕೆ ಹಾಗೆ ಮಾಡಿದೆ? ಅವನಿಗೆ ಮಾತು ಬರಲಿ ಎಂದು ಎನ್ನಬಹುದು. ಆದರೆ ಅದು ಸುಳ್ಳು. ಎರಡು ವರ್ಷದ ಸಿಟ್ಟು ಆ ಗುಟುಕಿನಲ್ಲಿತ್ತು. ಅವನು ಬಾಯಿ ತೆರೆದು, ಮನೆಯೇ ಬಿರಿಯುವ ಹಾಗೆ ಅತ್ತ. ನಾನು ಅಂಗೈ ಎತ್ತಲಿಲ್ಲ.

ಅಜ್ಜಿ ಬಂದದ್ದೇ ಗೊತ್ತಾಗಲಿಲ್ಲ. ಕೆನ್ನೆಗೆ ಬಿದ್ದ ಏಟಿಗೆ ಚೊಂಬು ಉರುಳಿ ನೀರೆಲ್ಲ ನೆಲದ ಪಾಲಾಯಿತು.

"ನೋರು ಮುಯ್ಯೇ, ನೋರು ಮುಯ್ಯೇ! ಹುಳ ಜ್ವರಕ್ಕೆ ಕೂತಿದಾವೆ, ಮಗೂನ ಅಳಿಸ್ತೀಯೇನೇ ರಾಕ್ಷಸಿ! ಬೆಳೆ ಹೋದ್ರೆ ನಿನ್ನ ಚರ್ಮ ಸುಲೀತೀನಿ."

ಅಳುತ್ತಿದ್ದವನು ಚಲ, ಬಾಯಿ ಮುಚ್ಚೆಂದು ಅವಳು ಗದರಿದ್ದು ನನ್ನನ್ನು. ನಾನೋ ಪಿಸುಮಾತಿಗಿಂತ ಗಟ್ಟಿಯಾಗಿ ಒಂದು ಮಾತೂ ಆಡಿರಲಿಲ್ಲ.

ಹುಳುಗಳಿಗೆ ಏನೂ ಆಗಲಿಲ್ಲ. ಮಾರನೆಯ ದಿನ ಸುಖವಾಗಿ ಜ್ವರ ಎದ್ದು ಹಸಿದವರ ಹಾಗೆ ಸೊಪ್ಪು ತಿಂದವು. ಚಲನಿಗೆ ಆಯಿತು. ಅವನು ನನ್ನನ್ನು ಏನೂ ಕೇಳುವುದನ್ನು ಬಿಟ್ಟುಬಿಟ್ಟ. ಕಾಲು ಉಜ್ಜಲಿಲ್ಲ, ಕಿವಿ ಹಿಡಿಯಲಿಲ್ಲ. ಲಂಗದ ಅಂಚು ಹಿಡಿಯದೆ ಕೂತಲ್ಲೇ ಒದ್ದೆ ಮಾಡಿಕೊಂಡ. ಕಂಬದ ಕಡೆ ಮುಖ ಮಾಡಿ ಮಲಗಿರುತ್ತಿದ್ದ. ನಾನು ಕೊಟ್ಟರೆ ಕುಡಿಯುತ್ತಿದ್ದ, ಕೊಡದಿದ್ದರೆ ಇಲ್ಲ. ಅವನಿಗೆ ಮಾತು ಬರಲಿಲ್ಲ, ಇದ್ದ ಸನ್ನೆಯೂ ಹೋಯಿತು. ನಾನು ಅವನ ಬೆನ್ನ ಹಿಂದೆ ಚೊಂಬು ಹಿಡಿದು ಕೂತು, "ಕುಡಿಯೋ, ಚಲ, ಕುಡಿಯಪ್ಪ, ಏನೂ ಹೇಳ್ಬೇಡ," ಎಂದು ಪಿಸುಗುಟ್ಟುತ್ತಾ ಅತ್ತೆ. ಇನ್ನು ಅವನು ಎಂದೂ ಮಾತಾಡುವುದಿಲ್ಲ, ನಾನು ಎಂದೂ ಈ ಪಡಸಾಲೆಯಿಂದ ಏಳುವುದಿಲ್ಲ, ಎರಡಕ್ಕೂ ನಾನೇ ಕಾರಣ ಎಂದು ನಂಬಿಕೊಂಡೆ. ಹತ್ತು ವರ್ಷದ ಹುಡುಗಿ ಅಷ್ಟು ಗಟ್ಟಿಯಾಗಿ ಇನ್ನೇನನ್ನೂ ನಂಬಲಾರಳು.

ಹುಳು ಹಣ್ಣಾಗಿ ಗೂಡು ಕಟ್ಟಿದವು. ಒಳ್ಳೆಯ ಬೆಳೆ. ಗೂಡು ಬಿಡಿಸುವ ದಿನ ಅಂಗಳದ ಚಪ್ಪರದ ಕೆಳಗೆ ಅಮ್ಮ, ಅಜ್ಜಿ, ಇನ್ನು ನಾಲ್ಕೈದು ಹೆಂಗಸರು ಕೂತು, ಹುಳು ಗೂಡು ಕಟ್ಟಲೆಂದು ಬಿಡುವ ಬಿದಿರಿನ ಚಂದ್ರಿಕೆಗಳಿಂದ ಗೂಡು ಕೀಳುತ್ತಿದ್ದರು. ಗೂಡೊಳಗಿನ ಹುಳುವಿಗೆ ಸದ್ದಿನ ಭಯವಿಲ್ಲವಂತೆ, ಹಾಗಾಗಿ ನಗು, ಮಾತು, ಎಲೆಯಡಿಕೆ. ಚಲನ ಗಂಟು ಬಿಚ್ಚಿದ್ದರು. ಅವನು ಒಳಗೆ ಚಾಪೆಯ ಮೇಲೆ ನಿದ್ದೆ ಹೋಗಿದ್ದ. ಮಾರನೆಯ ದಿನ ಶಾಲೆ ತೆರೆಯುವುದಿತ್ತು. ನಾನು ಯಾರಿಗೂ ಹೇಳದೆ ಎದ್ದು, ಅಂಗಳ ದಾಟಿ ಬೀದಿಗೆ ಬಂದೆ. ಒಂದು ಸಲ ಆ ಹೊಸ ಸುಣ್ಣದ ಗೋಡೆಯನ್ನಾದರೂ ನೋಡಿ ಬರೋಣ ಎಂದು. ಎರಡು ವರ್ಷದಲ್ಲಿ ಅವನಿಗೆ ತಿಳಿಯದ ಹಾಗೆ ಅವನನ್ನು ಬಿಟ್ಟು ಹೋದದ್ದು ಅದೇ ಮೊದಲು.

ಬೀದಿಯ ಅರ್ಧಕ್ಕೆ ಹೋಗಿದ್ದೆ. ಹಿಂದಿನಿಂದ ಒಂದು ಸದ್ದು ಬಂತು. ನನಗೆ ಗೊತ್ತಿಲ್ಲದ ದನಿ, ಒರಟು, ಬಹಳ ದಿನ ತೆರೆಯದ ಬಾಗಿಲಿನಂಥದ್ದು.

"ಅಮ್ಮಾ!"

ತಿರುಗಿದೆ. ಚಲ ಹೊಸ್ತಿಲಲ್ಲಿ ನಿಂತಿದ್ದ. ಹೆಂಗಸರೆಲ್ಲ ಕೈ ನಿಲ್ಲಿಸಿದ್ದರು. ಅಮ್ಮ ಮಡಿಲಲ್ಲಿದ್ದ ಗೂಡನ್ನೆಲ್ಲ ಚೆಲ್ಲಿಕೊಂಡು ಎದ್ದಳು.

"ಇಲ್ಲೇ ಇದೀನಿ ಕಣಪ್ಪ! ಅಮ್ಮ ಇಲ್ಲೇ ಇದೀನಿ ಬಾರೋ, ನನ್ನಪ್ಪ!"

ಎರಡೂ ಕೈ ಚಾಚಿ ಮೊಣಕಾಲೂರಿದಳು. ಚಲ ಅಂಗಳಕ್ಕೆ ಇಳಿದ. ಅವಳ ಪಕ್ಕದಿಂದಲೇ ಹಾದು, ಚೆಲ್ಲಿದ ಗೂಡುಗಳ ಮೇಲೆ ಕಾಲಿಟ್ಟು, ಬೀದಿಗೆ ಓಡಿ ಬಂದು ನನ್ನ ಲಂಗವನ್ನು ಎರಡೂ ಮುಷ್ಟಿಯಲ್ಲಿ ಹಿಡಿದುಕೊಂಡ.

"ಅಮ್ಮ," ಎಂದ ನನಗೆ. "ಅಮ್ಮ. ಅಮ್ಮ."

ಹೆಂಗಸರು ಹೋ ಎಂದು ನಕ್ಕರು. ಒಬ್ಬಾಕೆ, "ರತ್ನಾನೇ ಅಮ್ಮ ಅಂದ್ಕೊಂಡಿದಾನೆ ನೋಡ್ರೇ!" ಎಂದಳು. ಅಜ್ಜಿ ಕಣ್ಣೊರೆಸಿಕೊಳ್ಳುತ್ತಾ, ಬಜೆ ಹಿಡಿಯಿತು, ದೇವರು ಕಣ್ಣುಬಿಟ್ಟ ಎಂದು ಎಲ್ಲರಿಗೂ ಹೇಳಿದಳು. ನಾನು ಚಲನನ್ನು ಎತ್ತಿಕೊಂಡು ಬಂದು ಅವಳ ಮುಂದೆ ನಿಂತೆ.

"ಅಜ್ಜಿ, ಮಾತು ಬಂತಲ್ಲ. ನಾಳೆ ಸ್ಕೂಲಿಗೆ ಹೋಗ್ಲಾ?"

ಅಜ್ಜಿ ನನ್ನ ಕತ್ತನ್ನು ತಬ್ಬಿದ್ದ ಅವನ ಕೈಗಳನ್ನು ನೋಡಿದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ, ಅಕ್ಕರೆಯೇ ಇತ್ತು.

"ಎಲ್ಲಿಗ್ ಹೋಗ್ತೀಯೇ ಹುಚ್ಚಿ? ನಿನ್ನೇ ಅಮ್ಮ ಅಂತಾನೆ, ನಿನ್ನ ಬಿಟ್ಟು ಒಂದ್ ಗಳಿಗೆ ಇರ್ತಾನಾ? ಇನ್ನೊಂದ್ ವರ್ಷ ಇರು."

ಯಾವ ಮಾತಿಗಾಗಿ ನಾನು ಎರಡು ವರ್ಷ ಕಾದಿದ್ದೆನೋ ಅದೇ ಮಾತು ನನ್ನನ್ನು ಕಟ್ಟಿಹಾಕಿತು. ನಾನು ಅಮ್ಮನನ್ನು ನೋಡಿದೆ. ಅವಳು ಯಾರ ಕಡೆಗೂ ನೋಡದೆ, ನೆಲದಲ್ಲಿ ಕೂತು, ತುಳಿದ ಗೂಡು ಬೇರೆ, ಒಳ್ಳೆಯ ಗೂಡು ಬೇರೆ ಮಾಡಿ ಆರಿಸುತ್ತಿದ್ದಳು. ಆವತ್ತು ಅವಳು ಊಟ ಮಾಡಲಿಲ್ಲ. ಗೂಡು ಕಿತ್ತು ಕಿತ್ತು ಸುಸ್ತು ಎಂದಳು.

ಬೆಳಿಗ್ಗೆ ನನ್ನನ್ನು ಎಬ್ಬಿಸಿದ್ದು ಅಮ್ಮ. ಜಗುಲಿಯ ಮೇಲೆ ಕೂರಿಸಿ ತಲೆಗೆ ಎಣ್ಣೆ ಹಾಕಿ ಬಾಚಿದಳು. ಬಾಚಣಿಗೆ ನೆತ್ತಿಗೆ ನಾಟುವಷ್ಟು ಜೋರಾಗಿ ಎಳೆಯುತ್ತಿದ್ದಳು. ಎರಡು ಜಡೆ ಬಿಗಿಯಾಗಿ ಹೆಣೆದು ಟೇಪು ಕಟ್ಟಿದಳು.

"ಸ್ಕೂಲಿಗೆ ಹೋಗು," ಎಂದಳು.

"ಅಜ್ಜಿ?"

"ನಾನ್ ಹೇಳ್ಕೊತೀನಿ."

"ಮುಂದಿನ ಬೆಳೆಗೆ ಸೊಪ್ಪು?"

"ಹೋಗು ಅಂದ್ನಲ್ಲ!"

ಅದನ್ನು ಅವಳು ಗಟ್ಟಿಯಾಗಿ ಹೇಳಿದಳು. ಒಳಗಿಂದ ಅಜ್ಜಿ ಬಂದು ಬಾಗಿಲಲ್ಲಿ ನಿಂತಳು. ಅಮ್ಮ ತಿರುಗಿ ನೋಡಲಿಲ್ಲ. ಅಮ್ಮ ನನ್ನನ್ನು ಬಿಡಿಸುತ್ತಿದ್ದಾಳೆ ಎಂದು ನನಗೆ ಆಗ ಅನ್ನಿಸಲಿಲ್ಲ, ಹೊರಗೆ ಹಾಕುತ್ತಿದ್ದಾಳೆ ಎಂದೇ ಅನ್ನಿಸಿತು. ಅದರಲ್ಲಿ ಎಷ್ಟು ಅದು, ಎಷ್ಟು ಇದು ಎಂದು ಇವತ್ತಿಗೂ ನನಗೆ ಗೊತ್ತಿಲ್ಲ, ಅವಳನ್ನು ಕೇಳುವ ಧೈರ್ಯವೂ ಆಗಿಲ್ಲ. ನಾನು ಸ್ಲೇಟು ತೆಗೆದುಕೊಂಡು ಅಂಗಳಕ್ಕೆ ಇಳಿದೆ. ಚಲ ಎದ್ದು ಬಂದವನು ನನ್ನ ಹಿಂದೆ ಓಡಲು ನೋಡಿದ. ಅಮ್ಮ ಅವನನ್ನು ಎತ್ತಿ ಮಡಿಲಲ್ಲಿ ಕೂರಿಸಿಕೊಂಡು ಎರಡೂ ತೋಳಿನಿಂದ ಬಿಗಿಯಾಗಿ ಹಿಡಿದಳು.

"ಅಮ್ಮಾ!" ಎಂದು ಅವನು ನನ್ನ ಬೆನ್ನಿಗೆ ಕೂಗಿದ.

"ಓ," ಎಂದಳು ಅಮ್ಮ.

"ಅಮ್ಮಾ!"

"ಓ, ಇಲ್ಲೇ ಇದೀನಿ ಕಣೋ."

ಬೀದಿಯುದ್ದಕ್ಕೂ ನನಗೆ ಅದು ಕೇಳಿಸುತ್ತಿತ್ತು. ಅವನು ಕರೆಯುತ್ತಿದ್ದದ್ದು ನನ್ನನ್ನು, ಓಗೊಡುತ್ತಿದ್ದದ್ದು ಅವಳು. ತಿರುವಿನ ತನಕವೂ ಅವನು ಕರೆದ, ಪ್ರತಿ ಸಲವೂ ಅವಳು ಓ ಎಂದಳು, ಒಂದು ಸಲವೂ ತಪ್ಪಿಸಲಿಲ್ಲ. ನನ್ನ ಬಾಯಿಗೂ ಅದೇ ಓ ಬಂದಿತ್ತು. ನಾನು ತುಟಿ ಕಚ್ಚಿಕೊಂಡು ನಡೆದೆ.